ಹಲ್ಲಿನಲ್ಲಿ ಕಚ್ಚಿದ ಕೀಲಿ

ಜೀಪಿನಡಿಗೆ ನುಗ್ಗುವಾಗ ಇಲಾರ್ಯೊ ಅದರ ಕೀಲಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಜೇಬಿನಲ್ಲಿಟ್ಟರೆ ಯಾರಾದರೂ ಎಗರಿಸಬಹುದು, ಪಕ್ಕದಲ್ಲಿಟ್ಟರೆ ಎತ್ತಿಕೊಂಡು ಹೋಗಬಹುದು, ಬಾಯಲ್ಲಿದ್ದರೆ ಅವನನ್ನು ಕೇಳಿಯೇ ತೆಗೆಯಬೇಕು ಎಂಬುದು ಅವನ ಲೆಕ್ಕಾಚಾರ. ಕೆಳಗೆ ಮಲಗಿದವನನ್ನು ಮಾತಾಡಿಸಿದರೆ ಕೀಲಿ ಕಚ್ಚಿದ ಬಾಯಲ್ಲೇ ಹೂಂ, ಊಹೂಂ ಎನ್ನುತ್ತಿದ್ದ. ಊಟಕ್ಕೆ ಎಬ್ಬಿಸಿದರೆ ಮೊದಲು ಹೊರಗೆ ಬರುತ್ತಿದ್ದುದು ಅವನ ಎಡಗಾಲು. ಆ ಕಾಲಿನಲ್ಲಿ ಎರಡು ಬೆರಳಿಲ್ಲ.

ಆ ಬೆರಳುಗಳು ಹೋದದ್ದು ಅವನು ಬೇರೆಯವರ ಜೀಪು ಓಡಿಸುತ್ತಿದ್ದ ಕಾಲಕ್ಕೆ. ಇವನು ಕೆಳಗೆ ಮಲಗಿ ಬ್ರೇಕಿನ ಪೈಪಿಗೆ ಸೇರಿಕೊಂಡ ಗಾಳಿಯನ್ನು, ನಾವು ಏರ್ ಎನ್ನುವುದನ್ನು, ತೆಗೆಯುತ್ತಿದ್ದನಂತೆ, ಮೇಲೆ ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಿದ್ದ ಗೆಳೆಯನಿಗೆ ಯಾರೋ ಹುಡುಗಿ ಕಣ್ಣಿಗೆ ಬಿದ್ದಳಂತೆ, ಅವನ ಕೈ ಎಲ್ಲೋ ತಗಲಿ ಗೇರು ಜಾರಿ, ಜೀಪು ಉರುಳಿ ಇವನ ಕಾಲಿನ ಮೇಲೆ ಹತ್ತಿತಂತೆ. ಆಮೇಲಿಂದ ಇಲಾರ್ಯೊ ತಾನು ಕೆಳಗಿರುವಾಗ ಒಂದು ನರಪಿಳ್ಳೆಯನ್ನೂ ಸೀಟಿನ ಮೇಲೆ ಕೂರಿಸಿದವನಲ್ಲ. ಏರ್ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು, ಒಬ್ಬ ಒತ್ತಬೇಕು, ಒಬ್ಬ ಕೆಳಗೆ ನಟ್ಟು ತಿರುಗಿಸಬೇಕು. ಇವನು ಮಾತ್ರ ಒಂದು ಕೋಲು ಕಡಿದಿಟ್ಟುಕೊಂಡಿದ್ದ. ಅದರ ಒಂದು ತುದಿ ಪೆಡಲಿಗೆ, ಇನ್ನೊಂದು ಸೀಟಿಗೆ ಕೊಟ್ಟು, ಬಿಗಿ ಮಾಡಿ, ಓಡಿಬಂದು ಕೆಳಗೆ ಮಲಗುವುದು, ನಟ್ಟು ಸಡಿಲಿಸುವುದು, ಮತ್ತೆ ಎದ್ದು ಹೋಗಿ ಕೋಲು ಸರಿಮಾಡುವುದು. ನೋಡಿದವರಿಗೆ ನಗು. ಅವನಿಗೆ ಮಾತ್ರ ನೆಮ್ಮದಿ.

ಜನ ಸಾಗಿಸುವ ಜೀಪುಗಳ ಸ್ಟ್ಯಾಂಡಿನ ಎದುರಿಗೇ ನನ್ನ ಅನ್ನದಂಗಡಿ. ಹೆಸರು ಪಸಿಂಗ್, ಡ್ರೈವರುಗಳಿಗೆಲ್ಲ ನಾನು ಮನಾಂಗ್, ಹಿರಿಯಕ್ಕ. ಬೆಟ್ಟದ ಪಟ್ಟಣ ಬಗಿಯೊದಿಂದ ಇನ್ನೂ ಮೇಲೆ, ಮಂಜು ಮತ್ತು ಎಲೆಕೋಸು ಬಿಟ್ಟರೆ ಬೇರೇನೂ ಬೆಳೆಯದ ಈ ಊರಿನಲ್ಲಿ ಅನ್ನ ಮಾರುವವಳಿಗೂ ಒಂದಿಷ್ಟು ಅನುಮಾನ ಬೇಕು. ಇಲ್ಲದಿದ್ದರೆ ಚಮಚವೂ ಉಳಿಯುವುದಿಲ್ಲ. ಆದರೆ ಇಲಾರ್ಯೊನ ಮುಂದೆ ನಾನು ಹಸುಗೂಸು. ಕರಿದ ಮೀನು ಕೊಟ್ಟರೆ ತಿರುಗಿಸಿ ಅಡಿ ನೋಡುತ್ತಿದ್ದ. ಸಾರು ಕೊಟ್ಟರೆ ಮೂಸುತ್ತಿದ್ದ.

"ಅದರಲ್ಲಿ ವಿಷ ಇಲ್ಲ ಕಣೋ ಲರ್ಯೊ, ನಿನಗೆ ವಿಷ ಹಾಕಿ ನನಗೇನು ಆಸ್ತಿ ಬರ್ತದಾ?" ಅಂತ ನಾನು ಬೈದರೆ, "ವಿಷ ಅಲ್ಲ ಮನಾಂಗ್, ನಿನ್ನೇದಾ ಅಂತ ನೋಡಿದೆ" ಎನ್ನುತ್ತಿದ್ದ. ಸಾರು ಎಷ್ಟೋ ಸಲ ನಿನ್ನೆಯದೇ ಆಗಿರುತ್ತಿತ್ತು, ಆ ಮಾತು ಬೇರೆ.

ಅವನ ಜೀಪಿನ ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ 'ನಮ್ಮ ಪ್ರಯಾಣವನ್ನು ದೇವರು ಕಾಯಲಿ' ಎಂದು ಬರೆಸಿದ್ದ. ದೇವರು ಸರಿಯಾಗಿ ಕಾಯುತ್ತಿದ್ದಾನೋ ಇಲ್ಲವೋ ಎಂದು ಇವನೂ ಒಂದು ಕಣ್ಣಿಟ್ಟಿರುತ್ತಿದ್ದ. ಸ್ಟೆಪ್ನಿಯ ಮೇಲೆ ಸೀಮೆಸುಣ್ಣದ ಗುರುತು, ಬಾನೆಟ್ಟಿನ ಸಂದಿಗೆ ಪೊರಕೆಕಡ್ಡಿ, ಡೀಸೆಲ್ ಟ್ಯಾಂಕಿಗೆ ಬೀಗ. ಕಡ್ಡಿ ಬಿದ್ದಿದ್ದರೆ ಯಾರೋ ಬಾನೆಟ್ ಎತ್ತಿದ್ದಾರೆ ಎಂದರ್ಥ. ಗಾಳಿಗೆ ಬಿದ್ದರೂ ಅದೇ ಅರ್ಥ.

ಇಂಥವನಿಗೆ ಒಬ್ಬ ಅಳಿಯ ಬಂದ. ರೆನಾಂತೆ ಕೆಳಗಿನ ಬಯಲಿನವನು, ಕಡಲ ಕಡೆಯವನು, ಇಲಾರ್ಯೊನ ಒಬ್ಬಳೇ ಮಗಳು ಮರಿಕಾರ್ ತರಕಾರಿ ಲಾರಿಗಳ ಹತ್ತಿರ ಕಂಡು ಮೆಚ್ಚಿದವನು. ಮಾತು ಕಮ್ಮಿ, ನಗು ಜಾಸ್ತಿ. ನನಗೂ ಮೊದಲಿಗೆ ಅವನ ಮೇಲೆ ನಂಬಿಕೆ ಹುಟ್ಟಲಿಲ್ಲ, ಸುಮ್ಮಸುಮ್ಮನೆ ನಗುವ ಗಂಡಸನ್ನು ಕಂಡರೆ ನನಗೆ ಆಗುವುದಿಲ್ಲ. ಮದುವೆಯಾದ ಮೇಲೆ ಇಲಾರ್ಯೊನ ಬೆನ್ನುನೋವು ಹೆಚ್ಚಾಗಿ, ಮಧ್ಯಾಹ್ನದ ಪಾಳಿಯನ್ನು ಅಳಿಯನಿಗೆ ಬಿಟ್ಟುಕೊಡಬೇಕಾಯಿತು. ಮನೆಯೂ ಅದೇ, ಜೀಪೂ ಅದೇ. ಮರಿಕಾರ್ ಬೇಗ ಬಸುರಿಯಾದಳು. ಜೀಪು ಕೈತಪ್ಪಿದರೆ ಆ ಹುಡುಗನಿಗೆ ಮೇಲೆ ಕೆಲಸವಿಲ್ಲ, ಕೆಳಗೆ ಮನೆಯಿಲ್ಲ. ಇದು ಮಾವನಿಗೂ ಗೊತ್ತಿತ್ತು, ಅಳಿಯನಿಗೂ ಗೊತ್ತಿತ್ತು.

ಗಲಾಟೆ ಶುರುವಾದದ್ದು ಬ್ರೇಕ್ ಆಯಿಲ್‌ನಿಂದ. ಒಂದು ದಿನ ರೆನಾಂತೆ ನನ್ನ ಅಂಗಡಿಯಲ್ಲೇ ಮಾವನಿಗೆ ಹೇಳಿದ.

"ಅಪ್ಪಾ, ಬ್ರೇಕ್ ಪೆಡಲ್ ಮೆದು ಆಗಿದೆ. ಆಯಿಲ್ ಇಳೀತಾನೇ ಇದೆ. ಮೊನ್ನೆ ಹಾಕಿದ್ದೆ, ಇವತ್ತು ನೋಡಿದ್ರೆ ಮತ್ತೆ ಕೆಳಗೆ. ವೀಲ್ ಸಿಲಿಂಡರಿನಲ್ಲಿ ಆಯಿಲ್ ತಡೆಯೋ ರಬ್ಬರ್ ಹೋಗಿರ್ಬೇಕು, ಬದಲಾಯಿಸ್ಬಿಡೋಣ."

ಇಲಾರ್ಯೊ ಮೀನು ತಿರುಗಿಸುವುದನ್ನು ನಿಲ್ಲಿಸಿದ. "ಬೆಳಿಗ್ಗೆ ನಾನೂ ಓಡಿಸ್ತೀನಲ್ಲ, ನನ್ನ ಕಾಲಿಗೆ ಮೆದು ಆಗಲ್ಲ, ನಿನ್ನ ಕಾಲಿಗೇ ಆಗೋದು ಹೇಗೆ?"

"ಬೆಳಿಗ್ಗೆ ನೀವು ಊರೊಳಗೆ ಓಡಿಸ್ತೀರಿ. ನಾನು ಕೆಳಗೆ ಇಳೀತೀನಿ."

"ನನಗೇ ರಸ್ತೆ ಕಲಿಸ್ಬೇಡ."

ಆ ಸಂಜೆ ಇಲಾರ್ಯೊ ಜೀಪಿನಡಿಗೆ ಹಳೇ ರಟ್ಟುಗಳನ್ನು ಹಾಸಿದ. ಆಯಿಲ್ ಸೋರುತ್ತಿದ್ದರೆ ರಟ್ಟಿನ ಮೇಲೆ ಹನಿ ಬೀಳಬೇಕಲ್ಲ? ಬೆಳಿಗ್ಗೆ ರಟ್ಟು ಒಣಗಿತ್ತು. ಚಕ್ರದ ಒಳಬದಿಯನ್ನು ಬೆರಳಿನಿಂದ ಒರೆಸಿದ, ಧೂಳು ಬಂತು, ಆಯಿಲ್ ಬರಲಿಲ್ಲ. ಆ ರಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಅಂಗಡಿಗೆ ಬಂದ.

"ನೋಡಿದ್ಯಾ ಮನಾಂಗ್? ಒಂದು ಹನಿ ಇಲ್ಲ. ಹಾಗಾದ್ರೆ ಆಯಿಲ್ ಎಲ್ಲಿಗೆ ಹೋಗ್ತಿದೆ?"

"ಎಲ್ಲಿಗೆ?"

"ಸ್ಟ್ಯಾಂಡಲ್ಲಿ ಮಾರ್ತಿದಾನೆ. ಸೀಟಿನ ಕೆಳಗಿರೋ ನನ್ನ ಬಾಟ್ಲಿಯಿಂದ ಬೇರೆ ಡ್ರೈವರುಗಳಿಗೆ. ಈಗ ರಬ್ಬರ್ ಬೇಕಂತೆ. ನಾಳೆ ಸಿಲಿಂಡರೇ ಬೇಕು ಅಂತಾನೆ. ನಾಡಿದ್ದು ಜೀಪನ್ನೇ ಬಿಚ್ಚಿ ಮಾರ್ತಾನೆ."

ನಿಜ ಹೇಳಬೇಕೆಂದರೆ ಆಗ ನನಗೂ ಹೌದೇನೋ ಅನ್ನಿಸಿತು. ಒಣಗಿದ ರಟ್ಟು ಕಣ್ಣೆದುರಿಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಇಲಾರ್ಯೊ ನನ್ನ ಹಿತ್ತಲಿಗೆ ಬಂದು, ಪಾತ್ರೆ ತೊಳೆಯುವಲ್ಲಿದ್ದ ಬಟ್ಟೆಸೋಪಿನ ಬಿಳಿ ತುಂಡೊಂದನ್ನು ಕೇಳಿದ. ಮನೆಯಲ್ಲಿ ಮಗಳಿದ್ದಾಳೆ, ಅಲ್ಲಿ ಸೋಪಿಲ್ಲವೇ? ಜೊತೆಗೆ ಬಿಸಿನೀರು ಬೇರೆ ಬೇಕಂತೆ.

"ಯಾತಕ್ಕೋ?"

"ಕೈ ತೊಳೆಯೋದಕ್ಕೆ."

ಕೈ ತೊಳೆಯಲು ಬಂದವನು ಚೌಕಾಕಾರದ ಕಂದು ಜಿನ್ ಬಾಟಲಿಯನ್ನು ಅಂಗಿಯೊಳಗೆ ಯಾಕೆ ಬಚ್ಚಿಟ್ಟುಕೊಂಡಿದ್ದ ಎಂದು ನಾನು ಕೇಳಲಿಲ್ಲ. ಅವನು ಬ್ರೇಕ್ ಆಯಿಲ್ ಇಡುತ್ತಿದ್ದುದು ಅಂಥದೇ ಬಾಟಲಿಯಲ್ಲಿ. ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ. ಹೋಗುವಾಗ ಅವನ ಮುಖದ ಮೇಲೆ ಒಂಥರಾ ಗೆಲುವಿತ್ತು. ಅದು ನನಗೆ ಹಿಡಿಸಲಿಲ್ಲ.

ಅಲ್ಲಿಂದಾಚೆ ರೆನಾಂತೆಯ ನಗು ಹೋಯಿತು. ಒಂದು ಮಧ್ಯಾಹ್ನ ಕೆಳಗಿನ ಬಯಲಿಗೆ ಜನ ಇಳಿಸಿ ವಾಪಸ್ಸು ಬಂದವನು ನನ್ನ ಬೆಂಚಿನ ಮೇಲೆ ಕೂತು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಮನಾಂಗ್, ತಿರುವುಗಳ ಹತ್ರ ಪೆಡಲ್ ಒತ್ತಿದೆ. ಸುಮ್ನೆ ಕೆಳಗಿಳಿದುಬಿಡ್ತು, ತಗಡಿಗೆ ತಾಗೋ ತನಕ. ಬಡಬಡ ಅಂತ ತುಳಿದು, ಗೇರು ಇಳಿಸಿ ಹೇಗೋ ನಿಲ್ಲಿಸ್ದೆ. ಹಿಂದೆ ಕೂತಿದ್ದ ಅಜ್ಜಿ ನನಗೆ ನಿದ್ದೆ ಬಂದಿದೆ ಅಂತ ಬೈದ್ಲು."

ಮಾವನನ್ನು ಕರೆತಂದೆವು. ಇಲಾರ್ಯೊ ಸೀಟಿಗೆ ಹತ್ತಿ ಪೆಡಲ್ ಒತ್ತಿದ. ಮತ್ತೆ ಒತ್ತಿದ. ಇಳಿದು ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಕಲ್ಲಿದ್ದ ಹಾಗಿದೆ."

ರೆನಾಂತೆ ತಾನೂ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಮೇಲಕ್ಕೆ ಹತ್ತಿ ಬರುವಾಗ ಯಾರಿಗೂ ಬ್ರೇಕು ಅಷ್ಟು ಬೇಕಾಗುವುದಿಲ್ಲ, ಅಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ ಎಂಬುದು ಆಗ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂಬುದಷ್ಟೇ ಹೊಳೆಯಿತು. ಇನ್ನೊಂದು ಸಲ ಹೀಗೇ ಆಯಿತು. ಕೆಳಗೆ ಮೆದು, ಮೇಲೆ ಬಂದರೆ ಗಟ್ಟಿ.

"ಇನ್ನೊಂದು ಸಾರಿ ಬ್ರೇಕಿನ ಸುದ್ದಿ ಎತ್ತಿದ್ರೆ ಕೀ ಇಲ್ಲಿಟ್ಟು, ಹೆಂಡ್ತೀನ ಕರ್ಕೊಂಡು ನಿಮ್ಮೂರಿಗೆ ಹೋಗು" ಎಂದ ಇಲಾರ್ಯೊ. ಸ್ಟ್ಯಾಂಡಿನವರೆಲ್ಲ ಕೇಳಿಸಿಕೊಂಡರು.

ರೆನಾಂತೆ ಮತ್ತೆ ಸುದ್ದಿ ಎತ್ತಲಿಲ್ಲ. ಪೆಡಲ್ ಮೆದುವಾದಾಗ ತುಳಿದು ತುಳಿದು, ಗೇರಿನಲ್ಲೇ ಇಳಿಸಿ, ಆಯಿಲ್ ಇಳಿದಾಗ ಮಾವನ ಬಾಟಲಿಯಿಂದ ಸುರಿದು, ಹಾಗೂ ಹೀಗೂ ಓಡಿಸುತ್ತಿದ್ದ. ಅವನಿಗೆ ಬ್ರೇಕಿಗಿಂತ ಮಾವನ ಬಾಯಿಯ ಹೆದರಿಕೆಯೇ ಹೆಚ್ಚಾಗಿತ್ತು. ಅದು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮರಿಕಾರ್‌ಗೆ ತಿಂಗಳು ತುಂಬುತ್ತಾ ಬಂದಿತ್ತು. ಕೆಳಗಿನ ಆಸ್ಪತ್ರೆಗೆ ತೋರಿಸಲು ಗಂಡನ ಪಕ್ಕದ ಸೀಟಿನಲ್ಲಿ ಕೂತು ಹೋದಳು. ದೊಡ್ಡ ಇಳಿಜಾರಿನ ನಡುವೆ ಪೆಡಲ್ ಕೆಳಗಿಳಿಯಿತು, ತುಳಿದರೂ ಮೇಲೆ ಬರಲಿಲ್ಲ. ಒಂದು ಕಡೆ ಕಮರಿ, ಇನ್ನೊಂದು ಕಡೆ ಗುಡ್ಡ. ರೆನಾಂತೆ ಜೀಪನ್ನು ಗುಡ್ಡಕ್ಕೆ ಉಜ್ಜಿ ಉಜ್ಜಿ, ಚರಂಡಿಯಲ್ಲಿ ಒಂದು ಚಕ್ರ ಸಿಕ್ಕಿಸಿ ನಿಲ್ಲಿಸಿದ. ಯಾರಿಗೂ ಏಟಾಗಲಿಲ್ಲ. ಹಿಂದೆ ಕೂತಿದ್ದವರು ಚಕ್ರ ಎತ್ತಿಕೊಟ್ಟ ಮೇಲೆ ಜೀಪನ್ನು ಅಲ್ಲಿಂದಲೇ ಊರಿನ ಕಡೆ ತಿರುಗಿಸಿದ. ಮರಿಕಾರ್ ಹೊಟ್ಟೆ ಹಿಡಿದುಕೊಂಡು ಕೂತವಳು, ಮೇಲಕ್ಕೆ ಬಂದು ನನ್ನ ಅಂಗಡಿಯೆದುರು ಇಳಿಯುವ ತನಕ ಕೈ ತೆಗೆಯಲಿಲ್ಲವಂತೆ.

ಜೀಪು ಬಂದು ನಿಂತದ್ದು ನಮ್ಮ ಪಕ್ಕದ ಗೋದ್ಯೊನ ಗ್ಯಾರೇಜಿನ ಮುಂದೆ. ಗೋದ್ಯೊ ದಪ್ಪನೆಯ ಆಸಾಮಿ, ಕೆಲಸಕ್ಕಿಂತ ಬಾಯಿ ಜೋರು. ಇಲಾರ್ಯೊ ಅವನ ಕೈಗೆ ಜೀಪು ಕೊಟ್ಟವನೇ ಅಲ್ಲ, ಒಳ್ಳೇ ಸಾಮಾನು ಬಿಚ್ಚಿಕೊಂಡು ಹಳೇದು ಹಾಕುತ್ತಾನೆ ಎಂದು. ಆವತ್ತು ಮಾತ್ರ ಮರಿಕಾರ್ ಹೇಳಿದಳು: "ಗೋದ್ಯೊ ಅಣ್ಣ ನೋಡ್ಲಿ. ಅಪ್ಪ ಮುಟ್ಟೋದು ಬೇಡ, ನನ್ನ ಗಂಡ ಮುಟ್ಟೋದೂ ಬೇಡ."

ಗೋದ್ಯೊ ಪೆಡಲ್ ಒತ್ತಿದ. ಇಲಾರ್ಯೊ ಮೊದಲೇ ಬಾಯಿ ಹಾಕಿದ, "ಗಟ್ಟಿ ಇದೆ ತಾನೇ?"

"ಇದೆ. ತಣ್ಣಗಾಗಿದೆಯಲ್ಲ, ಇರತ್ತೆ." ಗೋದ್ಯೊ ಕಾಲನ್ನು ಪೆಡಲ್ ಮೇಲೆ ಹಾಗೇ ಇಟ್ಟುಕೊಂಡು ಸುಮ್ಮನೆ ಕೂತ. ಒಂದು ಸಿಗರೇಟು ಹಚ್ಚುವಷ್ಟು ಹೊತ್ತಿಗೆ ಅವನ ಮೊಣಕಾಲು ನಿಧಾನವಾಗಿ ಕೆಳಗೆ ಹೋಯಿತು. "ಆದ್ರೆ ನೋಡು, ಕೂತಲ್ಲೇ ಮುಳುಗ್ತಾ ಇದೆ. ಎಲ್ಲೋ ಸೋರ್ತಿದೆ." ರೆನಾಂತೆಯ ಕಡೆ ತಿರುಗಿದ. "ಬ್ರೇಕ್ ಹಾಕಿದ್ರೆ ಯಾವ ಕಡೆ ಎಳೀತದೆ?"

"ಬಲಕ್ಕೆ."

"ಹಾಗಾದ್ರೆ ರೋಗ ಎಡಗಡೆ. ಬಲದ ಚಕ್ರ ಹಿಡೀತಿದೆ, ಎಡದ್ದು ಜಾರ್ತಿದೆ."

ಮುಂದಿನ ಎಡಚಕ್ರ ಬಿಚ್ಚಿದರು. ಸುತ್ತಿಗೆಯಿಂದ ತಟ್ಟಿ ತಟ್ಟಿ, ಬ್ರೇಕನ್ನು ಮುಚ್ಚಿದ ಡ್ರಮ್ ಎಳೆದರು. ಒಳಗೆ ಕಪ್ಪು ಧೂಳೆಲ್ಲ ನೆನೆದು ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಚಕ್ರವನ್ನು ಒತ್ತಿ ಹಿಡಿಯಬೇಕಾದ ಬ್ರೇಕ್ ಶೂ ಒದ್ದೆ. ಸಿಲಿಂಡರಿನ ರಬ್ಬರ್ ತುದಿ ಹರಿದಿತ್ತು. ಸೋರಿದ ಆಯಿಲನ್ನೆಲ್ಲ ಒಳಗಿನ ಧೂಳೇ ಕುಡಿದಿತ್ತು, ಹೊರಗೆ ಹನಿ ಬೀಳುವುದು ಎಲ್ಲಿಂದ?

"ಇಗೋ ನಿನ್ನ ಕಳ್ಳ ಸಿಕ್ಕಿದ ಲರ್ಯೊ," ಎಂದ ಗೋದ್ಯೊ. "ನಿನ್ನ ಆಯಿಲ್ ಮಾರ್ತಿದ್ದೋನು."

ಸ್ಟ್ಯಾಂಡಿನವರು ನಕ್ಕರು. ಇಲಾರ್ಯೊ ನಗಲಿಲ್ಲ. ನಾನು ಅವನ ಮುಖ ನೋಡುತ್ತಿದ್ದೆ. ತಪ್ಪು ತಿಳಿದುಕೊಂಡವನ ಮುಖ ಪೆಚ್ಚಾಗುತ್ತದೆ, ಅದು ನನಗೆ ಗೊತ್ತು. ಇವನದು ಪೆಚ್ಚಾಗಲಿಲ್ಲ, ಬೂದಿಯಾಯಿತು. ಇಷ್ಟಕ್ಕೇ ಯಾಕೆ ಇಷ್ಟು ಹೆದರಿದ ಎಂದುಕೊಂಡೆ.

ರಬ್ಬರ್ ಬೇಕಲ್ಲ ಎಂದಾಗ ರೆನಾಂತೆ ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದುಕೊಟ್ಟ. ಹಾಳೆ ಸುಕ್ಕಾಗಿತ್ತು, ಬಹಳ ದಿನ ಜೇಬಿನಲ್ಲೇ ತಿರುಗಿದ್ದಿರಬೇಕು.

"ಇದ್ಯಾವಾಗ ತಂದೆ?" ಇಲಾರ್ಯೊ ಕೇಳಿದ.

"ರಬ್ಬರ್ ಹೋಗಿದೆ ಅಂತ ಮೊದಲು ಹೇಳಿದ್ನಲ್ಲ, ಆವತ್ತೇ. ನೀವು ಹೂಂ ಅಂದ್ರೆ ಹಾಕೋಣ ಅಂತ."

ಗೋದ್ಯೊ ಸಿಲಿಂಡರ್ ಉಜ್ಜಿ, ಹೊಸ ರಬ್ಬರ್ ಕೂರಿಸಿ, ಬೇರೆ ಶೂ ಹಾಕಿ ಡ್ರಮ್ ಮುಚ್ಚಿದ. ಇನ್ನು ಏರ್ ತೆಗೆಯಬೇಕು. ಅಭ್ಯಾಸಬಲದಿಂದ ಇಲಾರ್ಯೊ ಕೋಲು ತಂದ. ಗೋದ್ಯೊ ಅದನ್ನು ಕಿತ್ತುಕೊಂಡು ನನ್ನ ಒಲೆಯ ಕಡೆ ಎಸೆದ. "ಮನಾಂಗ್, ಇದರಲ್ಲಿ ಅನ್ನ ಬೇಯಿಸು. ಲೇ ರೆನಾಂತೆ, ಹತ್ತು ಮೇಲೆ."

ಇಲಾರ್ಯೊ ಕೀಲಿ ಕಿತ್ತು ಹಲ್ಲಿಗೆ ಕಚ್ಚಿಕೊಂಡು ಪಕ್ಕದಲ್ಲಿ ನಿಂತ. ಗೋದ್ಯೊ ಚಕ್ರದ ಹಿಂದೆ ಕೈಹಾಕಿ, ಏರ್ ಬಿಡುವ ನಿಪ್ಪಲ್ಲಿಗೆ ಒಂದು ಸಣ್ಣ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನನ್ನ ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಯಲ್ಲಿ ಇಳಿಬಿಟ್ಟ.

"ಒತ್ತು!"

"ಒತ್ತಿದೀನಿ!"

ಪಾನಾ ತಿರುಗಿತು. ಭರಣಿಗೆ ಬಂದದ್ದು ಹಳದಿ ಆಯಿಲ್ ಅಲ್ಲ. ಮಜ್ಜಿಗೆಯಂಥ ನೀರು. ಅದರ ಮೇಲೆ ನೊರೆ. ಮತ್ತೆ ಒತ್ತಿದಾಗ ನೊರೆ ಭರಣಿಯ ಬಾಯಿತನಕ ಬಂತು. ಗೋದ್ಯೊ ಬೆರಳಿಗೆ ಹಚ್ಚಿ ಉಜ್ಜಿ, ಮೂಗಿನ ಹತ್ತಿರ ಹಿಡಿದ.

"ಸೋಪು."

ಹಿಂದಿನ ಕಾಲದಲ್ಲಿ ಕಾಡಿನ ನಡುವೆ ಆಯಿಲ್ ಮುಗಿದರೆ ನಮ್ಮ ಡ್ರೈವರುಗಳು ಬಟ್ಟೆಸೋಪು ಕರಗಿಸಿದ ನೀರು ಹಾಕಿ ಮನೆ ಸೇರುತ್ತಿದ್ದರು. ಮನೆ ಸೇರಿದ ಕೂಡಲೇ ತೆಗೆದೂ ಹಾಕುತ್ತಿದ್ದರು. ಅದನ್ನೇ ಇಟ್ಟುಕೊಂಡು ಇಳಿಜಾರಿಗೆ ಹೋದರೆ, ಬ್ರೇಕು ಬಿಸಿಯಾದಂತೆ ಒಳಗೆ ನೀರು ಕುದಿಯುತ್ತದೆ, ಆವಿಯಾಗುತ್ತದೆ, ಕಾಲಿಗೆ ಸಿಗುವುದು ಬರೀ ಗಾಳಿ. ತಣ್ಣಗಾದರೆ ಆವಿ ಮತ್ತೆ ನೀರು, ಪೆಡಲ್ ಮತ್ತೆ ಗಟ್ಟಿ. ಸೋರುತ್ತಿದ್ದ ಎಡಚಕ್ರಕ್ಕೇ ಹೊಸದಾಗಿ ಸುರಿದದ್ದೆಲ್ಲ ಹೋಗಿ ಸೇರುತ್ತಿತ್ತು. ಎಲ್ಲರಿಗೂ ಒಮ್ಮೆಗೇ ಅರ್ಥವಾಯಿತು. ಎಲ್ಲರೂ ಒಮ್ಮೆಗೇ ಸೀಟಿನ ಮೇಲಿದ್ದ ರೆನಾಂತೆಯನ್ನು ನೋಡಿದರು.

"ಬಯಲಿನವರ ಬುದ್ಧಿ ನೋಡ್ರೋ," ಎಂದ ಒಬ್ಬ ಡ್ರೈವರ್. "ಅಲ್ಲಿ ನೆಲ ಸಪಾಟು, ಸೋಪು ಹಾಕಿದ್ರೂ ನಡೀತದೆ. ಬಸುರಿ ಹೆಂಡ್ತೀನ ಕೂರಿಸ್ಕೊಂಡು ಸೋಪಿನ ನೀರಲ್ಲಿ ಇಳಿದಿದಾನೆ!"

ರೆನಾಂತೆ ಸೀಟಿನಲ್ಲಿ ಕೂತೇ ಬಾಗಿಲು ತೆಗೆದ. "ನಾನು ಬಾಟ್ಲೀಲಿದ್ದಿದ್ದು ಹಾಕ್ದೆ. ಅಪ್ಪನ ಬಾಟ್ಲಿ. ಬೇರೆ ಏನೂ ಹಾಕಿಲ್ಲ."

ಯಾರೂ ನಂಬಲಿಲ್ಲ. ನಾನು ನಂಬಿದೆ. ನನ್ನ ಕಣ್ಣೆದುರಿಗೆ ಬಿಳಿ ಸೋಪಿನ ತುಂಡು ಬಂದು ನಿಂತಿತ್ತು. ನಾನು ಇಲಾರ್ಯೊನನ್ನು ನೋಡಿದೆ, ಅವನು ನನ್ನನ್ನು ನೋಡಿದ. ನೀನು ಹೇಳುತ್ತೀಯೋ, ನಾನು ಹೇಳಲೋ ಎನ್ನುವ ಹಾಗೆ ಅಡುಗೆಬಟ್ಟೆಗೆ ಕೈ ಒರೆಸಿಕೊಂಡು ಮುಂದೆ ಬಂದೆ.

ಅವನು ಬಾಯಿಂದ ಕೀಲಿ ತೆಗೆದ.

"ನಾನು ಹಾಕಿದ್ದು," ಎಂದ. ದನಿ ಸಣ್ಣಗಿತ್ತು, ಗೋದ್ಯೊ ಏನು ಎಂದು ಮತ್ತೆ ಕೇಳಿದ. "ಬಾಟ್ಲಿಗೆ ಸೋಪಿನ ನೀರು ಬೆರೆಸಿದ್ದು ನಾನು. ಇವನು ಮಾರ್ತಾನೆ ಅಂದ್ಕೊಂಡಿದ್ದೆ. ಕೊಂಡ್ಕೊಂಡೋನು ಬಂದು ಜಗಳ ಆಡ್ತಾನೆ, ಆಗ ಹಿಡೀಬೋದು ಅಂತ. ಇವನು ನನ್ನ ಜೀಪಿಗೇ ಹಾಕ್ತಾನೆ ಅಂತ..." ತನ್ನ ಅಳಿಯ ತನ್ನ ಆಯಿಲನ್ನು ತನ್ನ ಜೀಪಿಗೇ ಹಾಕುತ್ತಾನೆ ಎಂಬುದೊಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಮರಿಕಾರ್ ನನ್ನ ಬೆಂಚಿನಿಂದ ಎದ್ದಳು. "ಅಪ್ಪಾ, ನಾನು ಅದರಲ್ಲಿ ಕೂತಿದ್ದೆ."

"ಗೊತ್ತು ಮಗಳೇ."

"ನಿನಗೇನು ಗೊತ್ತು? ಕಮರಿ ನನ್ನ ಕಡೆಗಿತ್ತು."

ರೆನಾಂತೆ ಸೀಟಿನಿಂದ ಇಳಿದ. ಮಾವನ ಮೇಲೆ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಹೆಂಡತಿಗೆ ಹೇಳಿದ: "ಬಟ್ಟೆ ಕಟ್ಕೋ. ಊರಿಗೆ ಹೋಗೋಣ. ಅಲ್ಲಿ ಗುಡಿಸಲಾದ್ರೂ ಸರಿ."

ಗೋದ್ಯೊ ಕೆಳಗಿನಿಂದ ಗೊಣಗಿದ: "ಹೋಗೋರು ಹೋಗಿ. ಏರ್ ತೆಗೆಸಿ ಹೋಗಿ. ನನಗೆ ಒತ್ತೋಕೆ ಒಬ್ರು ಬೇಕು."

ಆಗ ಇಲಾರ್ಯೊ ಗೋದ್ಯೊನ ಭುಜ ಹಿಡಿದು ಎಬ್ಬಿಸಿದ. "ಆಚೆ ಬಾ. ಇದು ನನ್ನ ಗಲೀಜು, ನಾನು ತೆಗೀತೀನಿ." ಅಳಿಯನ ಕೈ ಎಳೆದು ಎಂಜಲಾದ ಕೀಲಿಯನ್ನು ಅದರಲ್ಲಿಟ್ಟ. "ನೀನು ಮೇಲೆ ಕೂತ್ಕೋ. ನಾನು ಕೆಳಗೆ ಹೋಗ್ತೀನಿ." ನೆಲದ ಮೇಲೆ ಮಲಗಿ, ಬೆನ್ನುನೋವಿಗೆ ಮುಲುಗುತ್ತಾ, ಜೀಪಿನಡಿಗೆ ಸರಿದ. ಮೊದಲು ತಲೆ, ಆಮೇಲೆ ಎದೆ, ಕೊನೆಗೆ ಎರಡು ಬೆರಳಿಲ್ಲದ ಆ ಕಾಲು. ಬಾಯಿ ಖಾಲಿ.

ರೆನಾಂತೆ ಕೀಲಿ ಹಿಡಿದುಕೊಂಡು ನಿಂತೇ ಇದ್ದ. ನನಗೆ ಭಯವಾಯಿತು, ಯಾರ ಬಗ್ಗೆ ಎಂದು ಹೇಳಲಾರೆ. ಸಿಟ್ಟಿನಲ್ಲಿರುವ ಗಂಡಸಿನ ಕೈಲಿ ಜೀಪು, ಅದರ ಕೆಳಗೆ ಮುದುಕ. ಮರಿಕಾರ್ ಗಂಡನ ಕಡೆ ನೋಡಿದಳು. ಅವನು ಕೀಲಿಯನ್ನು ಅಂಗಿಗೆ ಒರೆಸಿ, ಜೇಬಿಗೆ ಹಾಕಿ, ಸೀಟಿಗೆ ಹತ್ತಿದ.

"ಒತ್ತು!" ಕೆಳಗಿನಿಂದ ದನಿ ಬಂತು.

"ಒತ್ತಿದೀನಿ."

"ಬಿಡ್ಬೇಡ. ಹಾಂ, ಈಗ ಬಿಡು."

ನಾಲ್ಕೂ ಚಕ್ರದ ನೀರು, ನೊರೆ, ಹಳೇ ಆಯಿಲ್ ಎಲ್ಲ ತೆಗೆದರು. ಪೈಪುಗಳಿಗೆ ಸ್ಪಿರಿಟ್ ಬಿಟ್ಟು ತೊಳೆದರು. ಮಿಕ್ಕ ರಬ್ಬರುಗಳನ್ನೂ ಬದಲಾಯಿಸಿದರು. ಸಂಜೆಯಾಗುವ ಹೊತ್ತಿಗೆ ಇಬ್ಬರ ದನಿಯೂ ಬಿದ್ದುಹೋಗಿತ್ತು, ಒತ್ತು ಎಂದರೆ ಒತ್ತಿದೀನಿ ಎನ್ನುವುದೊಂದು ಮಾತ್ರ ನಡೆದಿತ್ತು. ಭರಣಿಯಲ್ಲಿ ಗುಳ್ಳೆ ನಿಂತಿತು. ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಆ ದಿನ ಬಟ್ಟೆಯನ್ನು ಯಾರೂ ಕಟ್ಟಲಿಲ್ಲ, ಕಟ್ಟಬೇಡ ಎಂದೂ ಯಾರೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಇಲಾರ್ಯೊ ಅಂಗಡಿಯಿಂದ ಸೀಲು ಒಡೆಯದ ಹೊಸ ಆಯಿಲ್ ಡಬ್ಬಿ ತಂದು ನನ್ನ ಮೇಜಿನ ಮೇಲೆ, ಅಳಿಯನ ಕಾಫಿ ಲೋಟದ ಪಕ್ಕ ಇಟ್ಟ. ರೆನಾಂತೆ ಅದನ್ನು ತಿರುಗಿಸಿ ಅಡಿ ನೋಡಿದ. ಸೀಲು ಒಡೆದ. ಮೂಗಿನ ಹತ್ತಿರ ತಂದು ಮೂಸಿದ. ಎರಡು ಬೆರಳಿಗೆ ಒಂದು ಹನಿ ಹಚ್ಚಿ ಉಜ್ಜಿ, ಮತ್ತೆ ಮೂಸಿದ.

ನಾನು ಸಾರಿನ ಸೌಟು ಹಿಡಿದು ನಿಂತುಬಿಟ್ಟೆ. ಈ ಮೂಸುವುದನ್ನು ನಾನು ಎಷ್ಟು ವರ್ಷದಿಂದ ನೋಡಿದವಳು, ಆದರೆ ಈ ಹುಡುಗನಲ್ಲಿ ಅಲ್ಲ. ಇಲಾರ್ಯೊನೂ ನೋಡುತ್ತಿದ್ದ. ಅವನ ತಟ್ಟೆಯಲ್ಲಿ ಕರಿದ ಮೀನಿತ್ತು. ಅದನ್ನು ತಿರುಗಿಸದೆ ಹಾಗೇ ಮುರಿದು ಬಾಯಿಗಿಟ್ಟುಕೊಂಡ.

"ಮೂಸು ಮಗಾ," ಎಂದ. "ದಿನಾ ಮೂಸು. ನಾನು ಕೊಟ್ಟಿದ್ದು ಏನೇ ಇರ್ಲಿ, ಮೂಸಿಯೇ ಹಾಕು."

ರೆನಾಂತೆ ಹೂಂ ಎಂದ. ಕೀಲಿ ಅವನ ಜೇಬಿನಲ್ಲೇ ಇತ್ತು.